ಮೊದಲ ಅತಿಥಿಯ ಬಟ್ಟಲು

ಮತ್ಸುಯೆ ಊರಿನ ಚಹಾ ಕೂಟಗಳಲ್ಲಿ ಮೊದಲ ಅತಿಥಿಯ ಜಾಗದಲ್ಲಿ ಕೂರಲು ಯಾರೂ ಒಪ್ಪುವುದಿಲ್ಲ. ಒಪ್ಪದಿರುವುದೇ ಮರ್ಯಾದೆ. ಅಲ್ಲಿ ಕೂತವರು ಎಲ್ಲರ ಪರವಾಗಿ ಮಾತಾಡಬೇಕು, ಗೋಡೆಯ ಮೇಲಿನ ಬರಹದಿಂದ ಹಿಡಿದು ಬಿದಿರಿನ ಚಮಚದವರೆಗೆ ಪ್ರತಿಯೊಂದನ್ನೂ ವಿಚಾರಿಸಿ ಮೆಚ್ಚಬೇಕು. ಒಂದು ಮಾತು ತಪ್ಪಿದರೂ ವರ್ಷವಿಡೀ ಊರ ಬಾಯಿಗೆ ತುತ್ತು. ಹಾಗಾಗಿ, ಟಿಕೆಟ್ ಕೊಂಡ ಒಂದೊಂದು ಗುಂಪು ಒಳಗೆ ಬರುವ ಪ್ರತಿ ಸರದಿಯಲ್ಲೂ ಹೆಂಗಸರು ಚಾಪೆಗೆ ಹಣೆ ಹಚ್ಚಿ, ಅತ್ಯಂತ ವಿನಯದಿಂದ, ಒಬ್ಬರನ್ನೊಬ್ಬರು ಆ ಮೂಲೆಗೆ ತಳ್ಳುತ್ತಾರೆ. ವಿನಯದಲ್ಲಿ ಸೋತವರಿಗೆ ಪೀಠ.

ಮಿಸಾವೊಗೆ ಮಾತ್ರ ಆ ಜಾಗ ನಿಜವಾಗಿ ಬೇಕಿತ್ತು.

ದೇವಾಲಯದ ಶರತ್ಕಾಲದ ಕೂಟದಲ್ಲಿ ಯೊನೆಹಾರಾ ಗುರುಗಳು ಆ ದಿನ ಚಹಾ ಕಡೆದುಕೊಡಲು ಬಳಸಲಿದ್ದ ಬಟ್ಟಲನ್ನು ಮಾಡಿದ್ದು ಮಿಸಾವೊಳ ತಾಯಿಯ ತಂದೆ. ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಸರೋವರದ ದಂಡೆಯ ಕುಂಬಾರರ ಗೂಡಿನಲ್ಲಿ ಸುಟ್ಟದ್ದು. ಬೂದು ಬಣ್ಣ, ಒಂದು ಕಡೆಗೆ ಸ್ವಲ್ಪ ವಾಲಿದೆ. ಅಜ್ಜ ಮಾಡಿದ್ದನ್ನೆಲ್ಲ ಮಾರಿದ್ದ. ಅವನು ಸತ್ತಾಗ ಮನೆಯಲ್ಲಿ ಅವನ ಕೈಯ ಒಂದು ಬಟ್ಟಲೂ ಉಳಿದಿರಲಿಲ್ಲ. ಅಂಥದ್ದರಲ್ಲಿ ಒಮ್ಮೆ ಚಹಾ ಕುಡಿಯಬೇಕೆಂದೇ ಮಿಸಾವೊ ನಲವತ್ತೆರಡನೆಯ ವಯಸ್ಸಿನಲ್ಲಿ ಈ ವಿದ್ಯೆ ಕಲಿಯಲು ಸೇರಿದ್ದಳು. ತೊಡಕೆಂದರೆ, ಆ ಬಟ್ಟಲಲ್ಲಿ ಚಹಾ ಸಿಗುವುದು ಮೊದಲ ಅತಿಥಿಗೆ ಮಾತ್ರ. ಉಳಿದವರಿಗೆ ಒಳಗಿನ ಅಡುಗೆಮನೆಯಿಂದ ಸಾಮಾನ್ಯ ಬಟ್ಟಲುಗಳು ಬರುತ್ತವೆ.

ಸರದಿ ಶುರುವಾಯಿತು. ಹಳದಿ ಕಿಮೊನೊ ಉಟ್ಟ ಹಿರಿಯಾಕೆ ಮಿಸಾವೊ ಕಡೆ ತಿರುಗಿದಳು.

"ನೀವೇ ಆ ಕಡೆ ಕೂತ್ಕೊಳ್ಳಿ."

"ಅಯ್ಯೋ, ನಾನಾ? ನಿನ್ನೆ ಮೊನ್ನೆ ಕಲಿಯೋಕೆ ಬಂದವಳು."

"ಹಾಗನ್ಬೇಡಿ. ನೋಡಿದ್ರೆ ಗೊತ್ತಾಗುತ್ತೆ, ನಿಮಗೆ ಚೆನ್ನಾಗಿ ಬರುತ್ತೆ ಅಂತ."

"ದೊಡ್ಡವರು ನೀವಿರುವಾಗ ನಾನು ಕೂತ್ರೆ ಚೆನ್ನಾಗಿರುತ್ತಾ ಅಕ್ಕ?"

ಎರಡು ಸಲ ಬೇಡವೆಂದು ಮೂರನೆಯ ಸಲ ತಲೆಬಾಗುವುದು ರೂಢಿ. ಮಿಸಾವೊ ತಲೆಬಾಗಲು ಸಿದ್ಧಳಾಗಿದ್ದಳು. ಆದರೆ ಮೂರನೆಯ ಸಲ ಯಾರೂ ಕೇಳಲಿಲ್ಲ.

"ಬಿಡಿ ಪಾಪ, ಹುಡುಗಿ ನಿಜವಾಗ್ಲೂ ಹೆದರಿದಾಳೆ," ಎಂದಳು ಹಳದಿ ಕಿಮೊನೊ. ಅಷ್ಟರಲ್ಲಿ ಬಾಗಿಲು ಸರಿಯಿತು. ಹೆಂಡತಿಯ ಜೊತೆ ಬಂದಿದ್ದ ನಿವೃತ್ತ ದೋಣಿ ಚಾಲಕ ಫುಕುಮಾ ಶೌಚಾಲಯದಿಂದ ವಾಪಸು ಬರುತ್ತಿದ್ದ.

"ಓ, ಗಂಡಸರು ಬಂದ್ರು!" ಇಡೀ ಕೋಣೆಗೆ ಜೀವ ಬಂತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಫುಕುಮಾ ಮೊದಲ ಅತಿಥಿಯಾಗಿದ್ದ.

ಅಜ್ಜನ ಬಟ್ಟಲಿನ ಚಹಾವನ್ನು ಅವನು ಔಷಧಿಯಂತೆ ಒಂದೇ ಗುಟುಕಿಗೆ ಮುಗಿಸಿದ. ಈಗ ಬಟ್ಟಲಿನ ಬಗ್ಗೆ ಏನಾದರೂ ಕೇಳಬೇಕು ಎಂದು ಪಕ್ಕದಿಂದ ಹೆಂಡತಿ ತಿವಿದಳು.

"ಇದನ್ನ ಮೈಕ್ರೊವೇವ್‌ನಲ್ಲಿ ಇಡಬಹುದಾ?"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಗುರುಗಳು, ಅದೊಂದು ಒಳ್ಳೆಯ ಪ್ರಶ್ನೆ ಎಂದರು.

ಮಿಸಾವೊ ಹೊರಗೆ ಹೋಗಿ ಇನ್ನೊಂದು ಟಿಕೆಟ್ ಕೊಂಡಳು. ಮುಂದಿನ ಸರದಿಗೆ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಒಳಗೆ ನಡೆದು, ಯಾರೂ ಕರೆಯದೆ, ಯಾರನ್ನೂ ಕರೆಯದೆ, ಮೊದಲ ಅತಿಥಿಯ ಜಾಗದಲ್ಲಿ ಕೂತುಬಿಟ್ಟಳು.

ದೇವಾಲಯದಲ್ಲಿ ಕಳ್ಳತನವಾದರೂ ಅಷ್ಟು ಗಾಬರಿ ಆಗುತ್ತಿರಲಿಲ್ಲ. ನಮಸ್ಕಾರಕ್ಕೆ ಬಾಗಿದ್ದ ಹೆಂಗಸರು, ಇನ್ನು ಯಾರಿಗೆ ಬಾಗಬೇಕೆಂದು ತಿಳಿಯದೆ ಹಾಗೆಯೇ ಉಳಿದರು.

ಯೊನೆಹಾರಾ ಗುರುಗಳು ಬಂದು ಕೂತರು. ಒಂದು ನೋಟದಲ್ಲೇ ಅವರಿಗೆ ಎಲ್ಲ ಅರ್ಥವಾಯಿತು. ಚಹಾ ಪುಡಿಗೆ ಬಿಸಿನೀರು ಹಾಕಿ ಕಡೆಯುತ್ತಲೇ ಮಾತು ತೆಗೆದರು.

"ಈ ಬಟ್ಟಲು ಮಾಡಿದಾತ ದೊಡ್ಡ ತಪಸ್ವಿ. ಬೆಟ್ಟದಲ್ಲಿ ಒಬ್ಬನೇ ಉಪವಾಸ ಇದ್ದು, ಮಾಡಿದ್ದನ್ನೆಲ್ಲ ಒಡೆದುಹಾಕಿ ಇದೊಂದನ್ನ ಉಳಿಸಿಕೊಂಡನಂತೆ."

ಕೋಣೆ ಭಕ್ತಿಯಿಂದ ನಿಟ್ಟುಸಿರಿಟ್ಟಿತು.

"ಸಾಕೆ ಮದ್ಯ ಏನೂ ಮುಟ್ತಿರ್ಲಿಲ್ವಾ ಗುರುಗಳೇ?" ಎಂದಳು ಮಿಸಾವೊ. ಅಜ್ಜ ಸೋಯಾ ಸಾಸ್ ತುಂಬುವ ಹೂಜಿ ಮಾಡಿ ಬದುಕಿದವನು, ಬಂದ ಹಣದಲ್ಲಿ ಸಾಕೆ ಕುಡಿದವನು ಎಂದು ಅಮ್ಮ ಹೇಳಿದ್ದಳು.

"ಏನಮ್ಮ ಇದು! ಇಂಥ ಬಟ್ಟಲಲ್ಲಿ ಕುಡಿಯೋ ಯೋಗ್ಯತೆ ನಮಗಿದೆಯಾ ಅಂತ ಮೊದಲು ನಮ್ಮನ್ನೇ ಕೇಳ್ಕೊಬೇಕು."

"ಕೇಳ್ಕೊಂಡೆ. ಇದೆ ಅಂತು ಮನಸ್ಸು."

ಗುರುಗಳು ಬಟ್ಟಲನ್ನು ಮುಂದಿಟ್ಟರು. ಕೊಡದೆ ಇರಲು ಯಾವ ನಿಯಮವೂ ಇರಲಿಲ್ಲ.

ಮಿಸಾವೊ ಎರಡೂ ಕೈಯಲ್ಲಿ ಎತ್ತಿಕೊಂಡು ಕುಡಿದಳು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಕೊನೆಯ ಗುಟುಕನ್ನು ಸದ್ದು ಮಾಡಿ ಹೀರಿದಾಗ ತಳ ಕಾಣಿಸಿತು. ಅಲ್ಲಿ, ಕುಂಬಾರನ ತಿಗರಿ ತಿರುಗುವಾಗ ಒಂದು ಬೆರಳು ಸುತ್ತಿಹೋದ ಗುರುತು ಇತ್ತು. ದಪ್ಪ ಬೆರಳು, ಅವಸರದ್ದು. ಅಮ್ಮನ ಬೆರಳೂ ಹೀಗೇ ದಪ್ಪ. ಮಿಸಾವೊಳ ಬೆರಳೂ ಅಷ್ಟೇ.

ಬಟ್ಟಲು ವಾಪಸು ಹೋಯಿತು. ತೊಳೆಯುತ್ತ ಗುರುಗಳು ವಾಡಿಕೆಯ ಮಾತು ಕೇಳಿದರು:

"ಇನ್ನೊಂದು ಬಟ್ಟಲು ಬೇಕೇ?"

ಇದಕ್ಕೆ ಮೊದಲ ಅತಿಥಿ 'ಸಾಕು, ಇನ್ನು ಮುಗಿಸಿ' ಎನ್ನಬೇಕು. ಆ ಮಾತು ಅವರ ಬಾಯಿಂದ ಬರುವವರೆಗೆ ಚಹಾ ಮಾಡುವವರು ಮುಗಿಸುವಂತಿಲ್ಲ, ಉಳಿದವರು ಏಳುವಂತಿಲ್ಲ. ದೊಡ್ಡ ಕೂಟಗಳಲ್ಲಿ ಈ ಪ್ರಶ್ನೆಗೆ ಹೌದು ಎಂದವರನ್ನು ಆ ಊರಿನಲ್ಲಿ ಯಾರೂ ಕಂಡಿಲ್ಲ.

"ಕೊಡಿ ಗುರುಗಳೇ," ಎಂದಳು ಮಿಸಾವೊ.

ಎರಡನೆಯದು ಬಂತು, ಮುಗಿಯಿತು. ಬೆರಳಿನ ಗುರುತು ಮತ್ತೆ ಕಾಣಿಸಿತು. ಗುರುಗಳು ಮತ್ತೆ ಕೇಳಿದರು, ಈ ಸಲ ದನಿ ತಗ್ಗಿಸಿ. ಮಿಸಾವೊ ಮತ್ತೆ ಬೇಕೆಂದಳು. ಅಂಗಳದಲ್ಲಿ ಮುಂದಿನ ಸರದಿಯವರ ಗುಸುಗುಸು ಕೇಳಿಸುತ್ತಿತ್ತು. ಒಳಗೆ ಮಡಚಿದ ಕಾಲುಗಳು ಮರಗಟ್ಟುತ್ತಿದ್ದವು.

ಪಕ್ಕದಾಕೆ ಮೆಲ್ಲಗೆ ಬಾಗಿದಳು. "ಅಮ್ಮಾ ತಾಯಿ, 'ಮುಗಿಸಿ' ಅನ್ನಮ್ಮ. ನನ್ನ ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

"ನೀವೇ ಹೇಳಿ ಅಕ್ಕ."

"ನಾನು ಹೇಳೋ ಹಾಗಿಲ್ಲ. ಮೊದಲ ಅತಿಥಿ ನೀವು."

"ಹೌದಲ್ವಾ," ಎಂದು ಮಿಸಾವೊ ಮೂರನೆಯ ಬಟ್ಟಲನ್ನು ಕೈಗೆತ್ತಿಕೊಂಡಳು. ಈ ಸಲ ನಿಧಾನವಾಗಿ ಕುಡಿದಳು.