ಇನ್ನೊಬ್ಬನ ಹೆಸರಿನಲ್ಲಿ ಒಂದು ಗೋಲು

ಥಾರ್ನ್‌ಬೆಕ್ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರರ ಪಟ್ಟಿ ಅಪ್ಪನ ನಂತರ ನನ್ನ ಕೈಗೆ ಬಂದಿತು. ಕ್ಲಬ್ಬಿಗಾಗಿ ಒಂದೇ ಒಂದು ಲೀಗ್ ಪಂದ್ಯ ಆಡಿದ್ದರೂ ಸಾಕು, ಹೆಸರು ಸೇರುತ್ತದೆ. ನವೆಂಬರಿನ ಮೊದಲ ಶನಿವಾರ, ಪಂದ್ಯಕ್ಕೆ ಮುಂಚೆ, ನಾನು ಮೈಕಿನಲ್ಲಿ ಆ ಹೆಸರುಗಳನ್ನು ಓದುತ್ತೇನೆ. ಬದುಕಿರುವವರು ಒಬ್ಬೊಬ್ಬರಾಗಿ ಹಗ್ಗ ದಾಟಿ ಮೈದಾನಕ್ಕೆ ಬರುತ್ತಾರೆ. ಸತ್ತವರ ಹೆಸರಾದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತೇನೆ. ಇತಿಹಾಸ ಓದಿ ಊರಿಗೆ ಮರಳಿದವಳಿಗೆ ಊರು ಕೊಟ್ಟ ಕೆಲಸ ಇದು. ವರ್ಷದಿಂದ ವರ್ಷಕ್ಕೆ ಸುಮ್ಮನಿರುವ ಹೊತ್ತೇ ಹೆಚ್ಚುತ್ತಿದೆ.

ಈ ಸಲ ಅಕ್ಟೋಬರಿನಲ್ಲಿ ಮ್ಯಾವಿಸ್ ಬೀವರ್ಸ್ ನನ್ನ ಮನೆಗೆ ಬಂದರು. ಟೀ ಬೇಡವೆಂದರು, ಕೋಟನ್ನೂ ಬಿಚ್ಚಲಿಲ್ಲ. ನೇರವಾಗಿ ಗಂಡನ ಮಾತೆತ್ತಿದರು.

"ನಮ್ಮ ಕ್ಲೆಮ್ ಹೆಸರು ನಿನ್ನ ಪಟ್ಟೀಲಿಲ್ಲ ಕಣಮ್ಮ."

"ಕ್ಲೆಮ್ ಅಂಕಲ್ ಆಡಿದ್ರಾ? ಯಾವ ಪುಸ್ತಕದಲ್ಲೂ ಇಲ್ವಲ್ಲ ಆಂಟಿ."

"ಪುಸ್ತಕದಲ್ಲಿದ್ದಿದ್ರೆ ಈ ಸೊಂಟ ಇಟ್ಕೊಂಡು ನಿನ್ನ ಗುಡ್ಡ ಯಾಕೆ ಹತ್ತಿ ಬರ್ತಿದ್ದೆ?"

ಆಮೇಲೆ ಹೇಳಿದರು. ೧೯೭೧ರ ಮಾರ್ಚ್ ತಿಂಗಳು. ಕ್ಲೆಮ್‌ನ ನೋಂದಣಿಯ ಕಾಗದ ಲೀಗ್ ಕಚೇರಿಯಿಂದ ಇನ್ನೂ ಬಂದಿರಲಿಲ್ಲ; ಅದಿಲ್ಲದೆ ಆಡುವಂತಿರಲಿಲ್ಲ. ತಂಡಕ್ಕೆ ಒಬ್ಬ ಕಡಿಮೆ ಬಿದ್ದಿದ್ದ. ಮೀಸಲು ಆಟಗಾರ ಹೆಡ್ಲಿ ಟರ್ಟನ್‌ನ ಕಾಗದ ಸರಿಯಿತ್ತು, ಆದರೆ ಅವನಿಗೆ ಆ ದಿನ ಗಣಿಯಲ್ಲಿ ಪಾಳಿ. ತರಬೇತುದಾರ ಕ್ಲೆಮ್‌ನನ್ನೇ ಟರ್ಟನ್ ಎಂದು ಬರೆದು ಆಡಿಸಿದ. ಮೂಲೆಯ ಬಾವುಟದಿಂದ ಬಂದ ಚೆಂಡನ್ನು ಕ್ಲೆಮ್ ತಲೆಯಿಂದ ಗುದ್ದಿ ಹೊಡೆದ ಒಂದು ಗೋಲಿನಿಂದ ತಂಡ ಗೆದ್ದಿತು. ಒಂಬತ್ತು ದಿನಕ್ಕೆ ಗಣಿಯಲ್ಲಿ ಕಲ್ಲು ಬಿದ್ದು ಅವನ ಮಂಡಿ ಹೋಯಿತು. ಕಾಗದ ಬಂದಾಗ ಅವನು ಆಸ್ಪತ್ರೆಯಲ್ಲಿದ್ದ. ಸುದ್ದಿ ಹೊರಬಿದ್ದರೆ ಗೆದ್ದ ಅಂಕಗಳನ್ನು ಲೀಗ್ ಕಿತ್ತುಕೊಳ್ಳುತ್ತದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡರು. ಆ ಅಂಕಗಳಿಗೆ ಯಾವ ಬೆಲೆಯೂ ಇಲ್ಲವಾದ ಮೇಲೂ ಯಾರೂ ಬಾಯಿ ಬಿಡಲಿಲ್ಲ.

"ಈಗೀಗ ಅವನಿಗೆ ನಾನ್ಯಾರು ಅನ್ನೋದೂ ಮರೆತುಹೋಗುತ್ತೆ," ಎಂದರು ಮ್ಯಾವಿಸ್. "ಮುಂದಿನ ಚಳಿಗಾಲದ ಮಾತು ಡಾಕ್ಟ್ರು ಎತ್ತೋದೇ ಇಲ್ಲ. ಒಂದೇ ಒಂದ್ಸಲ ಅವನ ಹೆಸರು ಕೂಗು. ಅವನು ಕೇಳಿಸ್ಕೊಳ್ಳಲಿ, ಅಷ್ಟೇ."

ಅವರು ಹೋದ ಮೇಲೆ ಪಟ್ಟಿ ತೆರೆದೆ. ಹೆಡ್ಲಿ ಟರ್ಟನ್, ಒಂದು ಪಂದ್ಯ, ಒಂದು ಗೋಲು. ಹೆಡ್ಲಿ ಬೇರೆ ಯಾವ ಪಂದ್ಯವನ್ನೂ ಆಡಿರಲಿಲ್ಲ. ಕ್ಲೆಮ್‌ರನ್ನು ಸೇರಿಸಬೇಕಾದರೆ ಆ ಸಾಲನ್ನು ಅಳಿಸಬೇಕು. ಹೆಡ್ಲಿ ಪ್ರತಿ ವರ್ಷ ಕ್ಲಬ್ಬಿನ ಟೈ ಕಟ್ಟಿಕೊಂಡು ಹಗ್ಗ ದಾಟಿ ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ.

ಮರುದಿನ ಹೆಡ್ಲಿಯವರನ್ನು ಕಾಣಲು ಹೋದಾಗ ಅವರು ತಮ್ಮ ತರಕಾರಿ ಪಾತಿಯಲ್ಲಿ ಈರುಳ್ಳಿ ಜಾತಿಯ ಲೀಕ್ ಗಿಡಗಳ ಬುಡಕ್ಕೆ ಮಣ್ಣೇರಿಸುತ್ತಿದ್ದರು.

"ಮ್ಯಾವಿಸ್ ಬಂದಿದ್ಲಾ?" ತಲೆ ಎತ್ತದೆಯೇ ಕೇಳಿದರು.

"ಹೂಂ."

"ಐವತ್ತು ವರ್ಷ ತಗೊಂಡ್ಲು ನೋಡು. ನಾನಾಗಿದ್ರೆ ಐವತ್ತು ನಿಮಿಷ ಕಾಯ್ತಿರಲಿಲ್ಲ."

ಅವರು ಸಲಿಕೆಗೆ ಅಂಟಿದ ಮಣ್ಣನ್ನು ಬೂಟಿನಿಂದ ಕೆರೆದರು.

"ಮೊದಲ ಸಲ ನಿಮ್ಮಪ್ಪ ನನ್ನ ಹೆಸರು ಕೂಗಿದಾಗ ನಿಜ ಹೇಳ್ಬಿಡೋಣ ಅಂತ್ಲೇ ಬಾಯಿ ತೆಗೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡ್ತಿ ಚಪ್ಪಾಳೆ ತಟ್ಟಿಬಿಟ್ಲು. ಅವಳಿಗೆ ಆ ಗೋಲಿನ ಕತೆ ನಾನೇ ಹೊಡೆದ ಹಾಗೆ ಹೇಳಿದ್ದೆ. ಕ್ಲೆಮ್‌ಗಿಂತ ಚೆನ್ನಾಗಿ ಹೇಳ್ತಿದ್ದೆ." ಒಬ್ಬರೇ ನಕ್ಕರು. "ಅವಳು ಹೋದ ಮೇಲೂ ಬಿಡೋಕಾಗಲಿಲ್ಲ."

"ಕ್ಲೆಮ್ ಅಂಕಲ್ ಏನೂ ಅನ್ನಲಿಲ್ವಾ?"

"ಪ್ರತಿ ವರ್ಷ ಹಗ್ಗದ ಆಚೆ ನಿಂತು ಅವನೂ ಚಪ್ಪಾಳೆ ತಟ್ಟಿದ. ಬೈದಿದ್ರೆ ವಾಸಿಯಾಗಿತ್ತು." ಮತ್ತೆ ಮಣ್ಣಿಗೆ ಬಾಗಿದರು. "ಅಳಿಸು. ಅವನನ್ನ ಕೂಗು. ಹೋಗು ಈಗ, ಗಿಡ ತುಳೀಬೇಡ."

ಶನಿವಾರ ಮಂಜು ಮಧ್ಯಾಹ್ನವಾದರೂ ಪೂರ್ತಿ ಎದ್ದಿರಲಿಲ್ಲ. ಮ್ಯಾವಿಸ್ ಗಂಡನನ್ನು ಮುಂದಿನ ಸಾಲಿಗೇ ಕರೆತಂದಿದ್ದರು. ನೀರು ಹಚ್ಚಿ ಬಾಚಿದ ತಲೆ, ಹೊಳೆಯುವ ಬೂಟು. ಹೆಡ್ಲಿ ಟೈ ಇಲ್ಲದೆ ಬಂದು ದೂರದ ಮೂಲೆಯಲ್ಲಿ ನಿಂತಿದ್ದರು. ಪಟ್ಟಿಯಲ್ಲಿ ಐದನೆಯ ಹೆಸರು ಕ್ಲೆಮ್‌ರದು.

"ಕ್ಲೆಮ್ ಬೀವರ್ಸ್. ಒಂದು ಪಂದ್ಯ. ಒಂದು ಗೋಲು."

ಮೈದಾನದಲ್ಲಿ ಆಗಲೇ ನಿಂತಿದ್ದ ಇಬ್ಬರು ಮುದುಕರು ತಲೆ ತಗ್ಗಿಸಿದರು. ಯಾರನ್ನು ಕರೆದರೆಂದು ಕ್ಲೆಮ್ ಹಿಂದಕ್ಕೆ ತಿರುಗಿ ನೋಡಿದರು.

"ನಿನ್ನನ್ನೇ ಕಣೋ ಕರೀತಿರೋದು," ಎಂದು ಮ್ಯಾವಿಸ್ ಅವರ ಬೆನ್ನು ಮುಟ್ಟಿದರು. "ಹೋಗು ಕ್ಲೆಮ್."

"ಷ್!" ಕ್ಲೆಮ್ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು. "ಆ ಹೆಸರು ಎತ್ಬೇಡ. ಅಂಕ ಹೋಗ್ತವೆ."

ಸತ್ತವರಿಗೆ ಕಾಯುವುದಕ್ಕಿಂತ ಹೆಚ್ಚು ಹೊತ್ತು ಕಾದೆ. ಮ್ಯಾವಿಸ್ ನನ್ನ ಕಡೆ ನೋಡಿ, ಮುಂದೆ ಓದು ಎನ್ನುವಂತೆ ತಲೆಯಾಡಿಸಿದರು. ಮುಂದಿನ ಹೆಸರು ಓದಿದೆ. ಅದರ ಮುಂದಿನದನ್ನೂ ಓದಿದೆ. ಕೊನೆಯ ಹಾಳೆಯಲ್ಲಿ ಅಳಿಸಿದ ಸಾಲಿನ ಹತ್ತಿರ ನನ್ನ ದನಿ ತಾನಾಗಿ ನಿಂತಿತು. ಆಗ ಮೂಲೆಯಿಂದ ಹೆಡ್ಲಿ ಗಂಟಲು ಹರಿಯುವಂತೆ ಕೂಗಿದರು.

"ಟರ್ಟನ್!"

ಕ್ಲೆಮ್ ಶಾಲೆಯ ಹುಡುಗನಂತೆ ಕೈಯೆತ್ತಿದರು. ಹಗ್ಗ ದಾಟಿದರು. ಸಾಲಿನಲ್ಲಿ ನಿಲ್ಲದೆ, ಮಂಡಿ ಎಳೆಯುತ್ತ ನೇರ ಗೋಲಿನ ಮುಂದಕ್ಕೆ ಹೋಗಿ ಮೂಲೆಯ ಬಾವುಟದತ್ತ ಮುಖ ಮಾಡಿ ನಿಂತರು. ಜನ ಚಪ್ಪಾಳೆ ತಟ್ಟಿದರು. ಹೆಡ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಫೋಟೋ ಮುಗಿದು ಹಳಬರೆಲ್ಲ ಹೊರಬಂದರೂ ಕ್ಲೆಮ್ ಬರಲಿಲ್ಲ. ಎರಡೂ ತಂಡಗಳು ಕಾಯುತ್ತಿದ್ದವು. ರೆಫ್ರಿ ಹತ್ತಿರ ಹೋಗಿ, "ತಾತ, ಆಟ ಶುರು ಮಾಡ್ಬೇಕಲ್ಲಾ," ಎಂದ. ಅವರು ಬಾವುಟದಿಂದ ಕಣ್ಣು ಕೀಳಲಿಲ್ಲ.

ಮ್ಯಾವಿಸ್ ಬಿಳಿಗೆರೆಯವರೆಗೆ ನಡೆದರು.

"ಕ್ಲೆಮ್, ಬಾ. ಮನೆಗೆ ಹೋಗೋಣ."

ಕ್ಲೆಮ್ ತಿರುಗಲಿಲ್ಲ.

"ಕ್ಲೆಮ್!"

ಮೂರನೆಯ ಸಲ ಮ್ಯಾವಿಸ್ ಬಾಯಿ ತೆರೆದು ಮುಚ್ಚಿದರು. ನಾನು ಮೈಕ್ ಆರಿಸಿ ಕೆಳಗಿಟ್ಟೆ. ನೋಡಲಾಗದೆ ಕಾಗದದ ಕಡೆ ನೋಡಿದೆ.

"ಟರ್ಟನ್," ಎಂದರು ಮ್ಯಾವಿಸ್ ಮೆಲ್ಲಗೆ. ಕೋಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಇನ್ನೊಮ್ಮೆ, ಮೈದಾನಕ್ಕೆಲ್ಲ ಕೇಳುವಂತೆ, ಕೂಗಿದರು.

ಕ್ಲೆಮ್ ಬೇಗಬೇಗ ಬಂದರು. ಮುಖ ಕೆಂಪಾಗಿತ್ತು, ಉಸಿರು ಏರಿತ್ತು.

"ಗೆದ್ವಾ?"

ಮ್ಯಾವಿಸ್ ಅವರ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿದರು. ಯಾವ ಹೆಸರನ್ನೂ ಹಿಡಿದು ಮಾತಾಡಲಿಲ್ಲ.

"ಗೆದ್ವಿ," ಎಂದರು.