ಚಪ್ಪಾಳೆ ಸಿಗದ ಸುದ್ದಿ

ಆ ಸಂಸ್ಥೆಯಲ್ಲಿ ಸೋಮವಾರ ಶುರುವಾಗುವುದೇ ಚಪ್ಪಾಳೆಯಿಂದ. ಗಂಡನ ಏಟು ತಿಂದು ನವೆಯುವ ಹೆಂಗಸರ ಬೆನ್ನಿಗೆ ನಿಲ್ಲುವ ಕೆಲಸ. ಗೋಳು ಹೊರಗೇ ಬೇಕಾದಷ್ಟಿದೆ, ಒಳಗೆ ಒಳ್ಳೆಯ ಸುದ್ದಿ ಮಾತ್ರ ಎಂಬುದು ಮೇಡಂ ಹಾಕಿಕೊಟ್ಟ ರೂಢಿ.

ಎಲ್ಲರಿಗಿಂತ ಕಿರಿಯಳಾದ ಪುಟ್ಟಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಹಿಂದಿನ ವಾರ ಅವಳು ಸಂಸ್ಥೆಯ ಹೆಸರು ಬರೆದ ವ್ಯಾನನ್ನು ಬಟ್ಟೆ ಹೊಲಿಯುವವಳೊಬ್ಬಳ ಬಾಗಿಲಲ್ಲೇ ನಿಲ್ಲಿಸಿದ್ದಳು. ಎದುರು ಮನೆಯಾಕೆ ಅದನ್ನು ಓದಿ ಹೊಲಿಗೆಯವಳ ಗಂಡನ ಕಿವಿಗೆ ಊದಿದಳು. ಮರುದಿನ ಹೊಲಿಗೆ ಯಂತ್ರ ಬೀದಿಯಲ್ಲಿ ಬಿದ್ದಿತ್ತು, ಹೆಂಗಸಿನ ಫೋನು ಸತ್ತಿತ್ತು. ಪುಟ್ಟಿ ಮಾತ್ರ ಈಗಷ್ಟೇ "ಭೇಟಿ ಆಯ್ತು" ಎಂದಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದಳು.

ಈಗ ಪಟಾಕಿ ಎದ್ದಳು. ಬಾಯಿ ಬಿಟ್ಟರೆ ಸಿಡಿಯುವವಳು, ಅದಕ್ಕೇ ಆ ಹೆಸರು.

"ಆ ಹೊಲಿಗೆಯವಳು ಬೇರೆಯವರ ಫೋನಿಂದ ಮಾಡಿದ್ಲು. ಇವತ್ತು ಮನೆ ಬಿಟ್ಟು ಬರ್ತಾಳಂತೆ. ಈಗಲೇ ವ್ಯಾನ್ ತಗೊಂಡು ಹೊರಟೆ!"

ಚಪ್ಪಾಳೆಯೋ ಚಪ್ಪಾಳೆ. ಪಟಾಕಿಯ ಬೆರಳಲ್ಲಿ ಕೀಲಿಕೈ ಗಿರಗಿರನೆ ತಿರುಗುತ್ತಿತ್ತು. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಗಿಣಿಯಲ್ಲಿದ್ದ ಹಾಗೆ, ಒಬ್ಬ ಹೆಂಗಸಿನ ಪ್ರಾಣ ಅಲ್ಲಿ ತಿರುಗುತ್ತಿದೆ ಎನ್ನಿಸಿತು ಪುಟ್ಟಿಗೆ.

"ತಡಿ ಅಕ್ಕಾ, ವ್ಯಾನ್ ಬೇಡ!" ಎಂದವಳೇ ಉಸಿರು ಬಿಡದೆ ಎಲ್ಲ ಹೇಳಿಬಿಟ್ಟಳು.

ತಟ್ಟುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು.

"ಪುಟ್ಟಿ, ಇದನ್ನ ಆಮೇಲೆ ನನ್ನ ರೂಮಲ್ಲಿ ಮಾತಾಡೋಣ," ಎಂದರು ಮೇಡಂ.

"ಆಮೇಲೆ ಅನ್ನೋ ಹೊತ್ತಿಗೆ ಅವಳು ಇರ್ಬೇಕಲ್ಲ ಮೇಡಂ?"

ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕ ತಲೆ ಎತ್ತದೆ ಅಂದಳು: "ನನಗೂ ಒಂದ್ಸಲ ಹೀಗೇ ಆಗಿತ್ತು ಕಣೇ. ಅವತ್ತಿಂದ ವ್ಯಾನನ್ನ ದೂರ ಬಿಟ್ಟು ನಡ್ಕೊಂಡೇ ಹೋಗ್ತೀನಿ."

"ಗೊತ್ತಿದ್ದೂ ಹೇಳ್ಲಿಲ್ವಾ?" ಎಂದಳು ಪುಟ್ಟಿ.

"ಯಾವ ಸೋಮವಾರ ಹೇಳ್ಲಿ, ನೀನೇ ಹೇಳು."

ಮೇಡಂ ಮುಖ ಕೆಂಪಾಯಿತು. ಅವರ ಮಾತಿಗೆ ಕಾಯದೆ ಪಟಾಕಿ ಕೀಲಿಕೈಯನ್ನು ಮೇಜಿನ ಮೇಲೆ ಕುಕ್ಕಿದಳು. "ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸ್ ಕೇಳೋಳ ಥರ ಹೋಗ್ತೀನಿ. ಪುಟ್ಟಿ, ದಾರಿ ತೋರ್ಸು. ಕೂತಿದ್ದು ಸಾಕು."

ಬೀದಿಯ ತಿರುವಿನಲ್ಲಿ ಬಾಡಿಗೆ ಕಾರಿನಲ್ಲಿ ಕೂತು ಪುಟ್ಟಿ ಉಗುರು ಕಚ್ಚಿದಳು. ಎದುರು ಮನೆಯಾಕೆಯ ಕಣ್ಣು ತಪ್ಪಿಸಲು ಹಿಂದಿನ ಓಣಿ ಹಿಡಿ ಎಂದು ಹೇಳಿ ಅವಳೇ ಪಟಾಕಿಯನ್ನು ಕಳಿಸಿದ್ದಳು. ಆ ಓಣಿ ಖಾಲಿಯಿತ್ತು. ಮತ್ತೆ ನೋಡಿದಳು, ಖಾಲಿ. ಕೊನೆಗೆ ಇಬ್ಬರು ಬಂದರು. ಒಬ್ಬಳ ಕಂಕುಳಲ್ಲಿ ಬಟ್ಟೆಗಂಟು, ಕೈಯಲ್ಲಿ ಹೊಲಿಗೆಯ ಕತ್ತರಿ.

ಕಾರು ಹೊರಟಿತು. ಹೊಲಿಗೆಯವಳು ಪುಟ್ಟಿಯ ಮುಖ ನೋಡಿ ಗುರುತು ಹಿಡಿದಳು.

"ಅವತ್ತು ವ್ಯಾನಲ್ಲಿ ಬಂದೋಳು ನೀನೇ ಅಲ್ವಾ?"

"ಹೌದಕ್ಕಾ," ಎಂದಳು ಪುಟ್ಟಿ. "ನಾನೇ."