ಬಂದುಹೋದವರಿಗೆ ಭಯವಿಲ್ಲ

ವಾರ್ಡಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. ಹೆಡ್ ನರ್ಸ್ ಎಂಬ ಪಟ್ಟಿ ಎದೆಯ ಮೇಲಿದ್ದರೂ ಡಾಕ್ಟರುಗಳ ಬಾಯಲ್ಲೂ ದೊಡ್ಡಕ್ಕನೇ. ಹುಣ್ಣು, ಬೊಕ್ಕೆ, ಕಜ್ಜಿ ನೋಡಿ ನೋಡಿಯೇ ತಲೆ ನರೆತವಳು. ಅಂಥವಳಿಗೆ ಯಾರು ಏನು ಹೇಳಿಕೊಡಬೇಕು? ಅಲ್ಲೇ ಆದದ್ದು ನೋಡಿ ಎಡವಟ್ಟು. ಹೊಸಬರಾದರೆ ಹೆದರಿ ಎರಡು ಸಲ ನೋಡುತ್ತಾರೆ, ಹಳಬರಿಗೆ ಒಂದೇ ನೋಟ ಸಾಕು.

ಆ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಚಿಕನ್‌ಪಾಕ್ಸ್ ಆದವರನ್ನು ಕೊನೆಯ ಕೋಣೆಯಲ್ಲಿ ಮಲಗಿಸಿ, ಚಿಕ್ಕಂದಿನಲ್ಲಿ ಅದೇ ಬಂದುಹೋದ ನರ್ಸನ್ನು ಆರೈಕೆಗೆ ಹಾಕುವುದು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ, ಬಂದುಹೋದವರಿಗೆ ಭಯವಿಲ್ಲ. ಪದ್ಧತಿಯೇನೂ ತಪ್ಪಲ್ಲ, ಕೋಣೆಯೊಳಗೆ ಇರುವುದು ಚಿಕನ್‌ಪಾಕ್ಸೇ ಆಗಿದ್ದರೆ.

ಜ್ವರದಲ್ಲಿ ಬೇಯುತ್ತ ಬಂದ ಲಾರಿ ಡ್ರೈವರನ ಮುಖದ ತುಂಬ ಬೊಕ್ಕೆಗಳಿದ್ದವು. ಡ್ಯೂಟಿ ಡಾಕ್ಟರು ಬಾಗಿಲಲ್ಲೇ ನಿಂತು, "ಏನನ್ಸುತ್ತೆ ದೊಡ್ಡಕ್ಕ?" ಎಂದು ಕೇಳಿದ. ಹೊರಗೆ ಅವನಿಗಾಗಿ ಉದ್ದದ ಸಾಲು ಕಾಯುತ್ತಿತ್ತು.

"ಚಿಕನ್‌ಪಾಕ್ಸು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಡಾಕ್ಟ್ರೇ?"

ಹಾಗೆಂದಳೇ ಹೊರತು, ಅವನ ಅಂಗೈ ಬಿಚ್ಚಿಸಿ ನೋಡಲಿಲ್ಲ.

ಅಂದು ಡ್ಯೂಟಿಯಲ್ಲಿ ಇಬ್ಬರು ನರ್ಸುಗಳಿದ್ದರು. ಒಬ್ಬಳಿಗೆ ಚಿಕನ್‌ಪಾಕ್ಸ್ ಬಂದೇ ಇರಲಿಲ್ಲ. ಇನ್ನೊಬ್ಬಳು ದೊಡ್ಡಕ್ಕನ ಒಡಹುಟ್ಟಿದ ತಂಗಿ ಪುಟ್ಟಿ. ತಾಯಿ ತೀರಿಕೊಂಡ ಮೇಲೆ ದೊಡ್ಡಕ್ಕನೇ ಅವಳನ್ನು ಎತ್ತಿ ಆಡಿಸಿ, ಓದಿಸಿ, ಇದೇ ವಾರ್ಡಿಗೆ ತಂದಿದ್ದಳು. ಪುಟ್ಟಿಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದವು. ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗಿ, ಈಗ ಮತ್ತೆ ಬಸುರಿ. ಐದು ತಿಂಗಳು ದಾಟಿತ್ತು. ಸಿಡುಕಿನ ಮುದುಕಿ ಆಯಾ ಕೂಡ ಅವಳ ಕೈಯಿಂದ ಬಕೆಟ್ ಕಿತ್ತುಕೊಳ್ಳುತ್ತಿದ್ದಳು.

"ನಾನು ಹೋಗ್ಬಹುದಾ ಅಕ್ಕ?" ಪುಟ್ಟಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನಿನಗೆ ಬಂದುಹೋಗಿದೆಯಲ್ಲೇ. ಕೆರ್ಕೋಬಾರ್ದು ಅಂತ ನಿನ್ನ ಕೈ ಹಿಡ್ಕೊಂಡು ಕೂತಿದ್ದೋಳು ನಾನು. ನಿನಗೂ ಏನಾಗಲ್ಲ, ಒಳಗಿರೋದಕ್ಕೂ ಏನಾಗಲ್ಲ. ಹೋಗು."

ಪುಟ್ಟಿ ಹೋದಳು. ಡ್ರೈವರನ ಬೆನ್ನು ಒರೆಸಿದಳು, ಕೀವು ಹತ್ತಿದ ಹೊದಿಕೆ ಕೊಡವಿ ಬದಲಾಯಿಸಿದಳು. ಬಸಿರಿಗೆ ಬೆರಳು ಊದಿಕೊಂಡು ಕೈಗವಸು ಬಿಗಿಯಾಗುತ್ತಿತ್ತು. ಬಂದುಹೋದವಳಿಗೆ ಇದೆಲ್ಲ ಯಾಕೆಂದು ತೆಗೆದಿಟ್ಟಳು. ಡ್ರೈವರು ಮಾತುಗಾರ. ಮಗು ಹುಟ್ಟಲಿ ತಂಗೀ, ನನ್ನ ಲಾರೀಲಿ ಒಂದು ಸುತ್ತು ಹೊಡೆಸ್ತೀನಿ, ಹಾರ್ನ್ ಅವನೇ ಹೊಡೀಲಿ ಎಂದು ನಗಿಸಿದ.

ಕೆಲವು ದಿನ ಕಳೆದು ಮಾತ್ರೆ ಕೊಡಲು ದೊಡ್ಡಕ್ಕನೇ ಒಳಗೆ ಹೋದಳು. ಡ್ರೈವರು ಕೈ ಚಾಚಿದ. ಅಂಗೈಯಲ್ಲಿ ಬೊಕ್ಕೆಗಳು. ಗಟ್ಟಿಯಾಗಿ, ಗುಂಡಗೆ, ನಡುವೆ ಒಂದೊಂದು ಗುಳಿ. ಹೊದಿಕೆ ಸರಿಸಿ ಪಾದ ನೋಡಿದಳು, ಅಲ್ಲೂ ಇದ್ದವು. ದವಡೆಯ ಕೆಳಗೆ ಮುಟ್ಟಿದರೆ ಗಂಟುಗಳು. ಚಿಕನ್‌ಪಾಕ್ಸ್ ಆದರೆ ಒಂದು ಕಾಯಿ, ಒಂದು ಹಣ್ಣು, ಒಂದು ಒಣಗಿದ್ದು, ಎಲ್ಲ ಒಟ್ಟೊಟ್ಟಿಗೇ ಇರುತ್ತವೆ. ಇಲ್ಲಿ ಎಲ್ಲವೂ ಒಂದೇ ದಿನ ಬಿತ್ತಿದ ಹಾಗೆ ಒಂದೇ ಹದದಲ್ಲಿದ್ದವು. ಇದನ್ನೆಲ್ಲ ಅವಳು ತರಬೇತಿಯಲ್ಲಿ ಕೇಳಿದ್ದಳು, ಚಿತ್ರ ನೋಡಿದ್ದಳು, ನಮ್ಮಲ್ಲಿಗೆಲ್ಲಿ ಬರುತ್ತದೆ ಎಂದು ಚಹಾ ಕುಡಿಯಲು ಎದ್ದುಹೋಗಿದ್ದಳು.

ಬೊಕ್ಕೆ ಉಜ್ಜಿ ತೆಗೆದ ಮಾದರಿ ಲ್ಯಾಬಿಗೆ ಹೋಯಿತು. ಉತ್ತರ ಬಂತು: ಮಂಕಿಪಾಕ್ಸ್. ಚಿಕನ್‌ಪಾಕ್ಸ್ ಬಂದುಹೋದವರನ್ನೂ ಇದು ಬಿಡುವುದಿಲ್ಲ.

"ಯಾವ ಕೋತಿ ಕಚ್ತೋ ನಿಂಗೆ?" ಎಂದು ಆಯಾ ಬಾಗಿಲ ಆಚೆಯಿಂದ ಕೇಳಿದಳು.

"ಕನ್ನಡೀಲಿ ಬಿಟ್ರೆ ಬೇರೆಲ್ಲೂ ಕೋತಿ ನೋಡಿಲ್ಲಮ್ಮ," ಎಂದ ಡ್ರೈವರು. ಯಾರಿಗೂ ನಗು ಬರಲಿಲ್ಲ.

ಲಸಿಕೆ ಇದೆಯಂತೆ, ಇಲ್ಲಿಲ್ಲ. ಇನ್ನು ಕಾಯುವುದೇ ಕೆಲಸವಾಯಿತು. ದೊಡ್ಡಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಂಗಿಯನ್ನು ಕಾದಳು. ಹೊತ್ತುಹೊತ್ತಿಗೆ ಜ್ವರ ನೋಡುವಳು, ನಾಲಿಗೆ ತೋರಿಸೇ ಎನ್ನುವಳು, ಅಂಗೈ ತಿರುಗಿಸೇ ಎನ್ನುವಳು. ಒಂದು ಬೆಳಿಗ್ಗೆ ಪುಟ್ಟಿ ಕೇಳುವ ಮೊದಲೇ ಅಂಗೈ ತಿರುಗಿಸಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಒಂದೇ ಒಂದು ಗುಳ್ಳೆ.

"ಇದಕ್ಕೆ ಔಷಧಿ?" ದೊಡ್ಡಕ್ಕ ಡಾಕ್ಟರನ್ನು ಕೇಳಿದಳು, ಉತ್ತರ ಗೊತ್ತಿದ್ದೂ.

"ನೋವಿಗಿದೆ, ಜ್ವರಕ್ಕಿದೆ. ಒಳಗಿರೋದನ್ನ ಕಾಯೋಕೆ ನನ್ನ ಹತ್ರ ಏನೂ ಇಲ್ಲ ದೊಡ್ಡಕ್ಕ."

ಈಗ ದೊಡ್ಡಕ್ಕ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೈತುಂಬ ನಿಲುವಂಗಿ, ಮುಖಗವಸು, ಕಣ್ಣಿಗೆ ಕನ್ನಡಕ, ಎರಡೆರಡು ಕೈಗವಸು. ಹೊದಿಕೆ ಕೊಡವದೆ ಸುತ್ತಿ ಚೀಲಕ್ಕೆ ಹಾಕಿದಳು. ಪುಟ್ಟಿಯ ಹುಣ್ಣುಗಳನ್ನು ತೊಳೆದು ಮುಚ್ಚಿದಳು, ಅವಳ ಕೈ ಕಣ್ಣಿಗೆ ಹೋಗದಂತೆ ನೋಡಿಕೊಂಡಳು, ಗಂಟಲು ಹುಣ್ಣಾಗಿ ನುಂಗಲಾಗದವಳಿಗೆ ಚಮಚದಲ್ಲಿ ಗಂಜಿ ಕುಡಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನುತ್ತಾರಲ್ಲ, ಹಾಗೆ. ಅದೇ ಹೊತ್ತಿಗೆ ಡ್ರೈವರನ ಹಕ್ಕಳೆಯೆಲ್ಲ ಉದುರಿ, ಕೆಳಗೆ ಹೊಸ ಚರ್ಮ ಬಂದು, ಅವನು ಎಲ್ಲರಿಗೂ ಕೈಮುಗಿದು ಮನೆಗೆ ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ದೊಡ್ಡಕ್ಕ ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ.

"ಅಕ್ಕ, ಬೆಳಗ್ಗೆಯಿಂದ ಒದೀತಿಲ್ಲ," ಎಂದಳು ಪುಟ್ಟಿ.

"ಮಲಗಿರುತ್ತೆ ಕಣೇ."

ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತವನ್ನು ಎಡಕ್ಕೆ ಹುಡುಕಿದ, ಬಲಕ್ಕೆ ಹುಡುಕಿದ, ಮತ್ತೆ ಎಡಕ್ಕೆ ಬಂದ. ಯಂತ್ರದ ಗೊರಗೊರ ಸದ್ದೊಂದೇ ಕೋಣೆಯಲ್ಲಿ ಕೇಳುತ್ತಿತ್ತು. ಪುಟ್ಟಿ ಅವನ ಮುಖ ನೋಡಲಿಲ್ಲ, ಅಕ್ಕನ ಮುಖ ನೋಡಿದಳು. ಗವಸು, ಕನ್ನಡಕಗಳ ನಡುವೆ ನೋಡುವುದಕ್ಕೆ ಏನೂ ಇರಲಿಲ್ಲ.

ಹೆರಿಗೆ ಮಾಡಿಸಿದರು. ಗಂಡು. ಆ ಪುಟ್ಟ ಬೆನ್ನಿನ ಮೇಲೂ ಅವೇ ಗುಳಿಬಿದ್ದ ಬೊಕ್ಕೆಗಳು. ದೊಡ್ಡಕ್ಕ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂಗಿಯ ಎದೆಯ ಮೇಲಿಟ್ಟಳು. ಇಡೀ ಆಸ್ಪತ್ರೆಯಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟಬಹುದಾಗಿದ್ದವಳು ಅದರ ತಾಯಿ ಒಬ್ಬಳೇ.

ಪುಟ್ಟಿಯ ಗಂಡ ಎಲೆಕ್ಟ್ರಿಷಿಯನ್. ಕೆಲಸದ ಬಟ್ಟೆಯಲ್ಲೇ ಓಡಿಬಂದು ಬಾಗಿಲಿನ ಗಾಜಿಗೆ ಹಣೆ ಹಚ್ಚಿ ನಿಂತಿದ್ದ. ಒಳಗೆ ಬಿಡುವಂತಿರಲಿಲ್ಲ. ಫೋನ್ ಮಾಡಿದ. ದೊಡ್ಡಕ್ಕ ಪುಟ್ಟಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಹಿಡಿದುಕೊಂಡಳು.

"ಅತ್ತಿಗೆ, ಬಸುರೀನ ಆ ಡ್ರೈವರ್ ಹತ್ರ ಕಳಿಸಿದ್ದು ಯಾರು?"

ದೊಡ್ಡಕ್ಕ ತುಟಿ ಬಿಚ್ಚುವಷ್ಟರಲ್ಲಿ ಪುಟ್ಟಿ, ಹುಣ್ಣಾದ ಗಂಟಲಲ್ಲಿ ಮೆಲ್ಲಗೆ, "ಯಾರೂ ಕಳಿಸ್ಲಿಲ್ಲ ರೀ. ನಾನೇ ಹೋದೆ. ಅಕ್ಕ ಬೇಡ ಅಂದ್ಲು, ನಾನು ಕೇಳ್ಲಿಲ್ಲ," ಎಂದಳು.

ಗಾಜಿನ ಆಚೆ ಅವನು ಹಣೆ ಎತ್ತಿದ. "ನಿನ್ನ ಕೈಯಾರೆ ನೀನೇ ಕೊಂದ್ಯಲ್ಲೇ."

"ಹೂಂ ರೀ," ಎಂದಳು ಪುಟ್ಟಿ.

ದೊಡ್ಡಕ್ಕ ಒಂದು ಮಾತು ಆಡಿದ್ದರೆ ಸಾಕಿತ್ತು. ಫೋನು ಅವಳ ಕೈಯಲ್ಲೇ ಇತ್ತು. ಅವನು ಬೆನ್ನು ತಿರುಗಿಸಿ, ಕಾರಿಡಾರಿನ ಕೊನೆಯವರೆಗೆ ನಡೆದು, ಮೆಟ್ಟಿಲಿಳಿದು ಹೋಗುವವರೆಗೂ ಅವಳು ಆ ಮಾತು ಆಡಲಿಲ್ಲ.